ಬಸ್‌ಸ್ಟ್ಯಾಂಡಿನಲ್ಲಿ ಬಿಟ್ಟ ಉಚ್ಚಂಗೆವ್ವ

ಬ್ಯಾಡಗಿಯಲ್ಲಿ ಯಾರಾದರೂ ಸೀನಿದರೆ ಅವರು ಹೊರಗಿನವರೆಂದು ತಿಳಿಯುತ್ತಾರೆ. ಮೆಣಸಿನಕಾಯಿಯ ಘಾಟಿನಲ್ಲೇ ಹುಟ್ಟಿ ಬೆಳೆದವರ ಮೂಗು ಅದಕ್ಕೆಲ್ಲ ಸೊಪ್ಪು ಹಾಕುವುದಿಲ್ಲ. ಮಾಲತೇಶಪ್ಪನವರು ಕರ್ಜಗಿಯಿಂದ ಬಂದು ಇಪ್ಪತ್ತಾರು ವರ್ಷ ಆ ಊರಿನ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ದುಡಿದಿದ್ದರೂ ದಿನಕ್ಕೆ ನಲವತ್ತು ಸಲ ಸೀನುತ್ತಿದ್ದರು. ಕೇಳಿದವರಿಗೆ, ಸಾಹಿತಿಗಳ ಮೂಗು ಉಳಿದವರ ಮೂಗಿಗಿಂತ ಸೂಕ್ಷ್ಮ ಎಂದು ಕಾರಣ ಕೊಡುತ್ತಿದ್ದರು. ಸುಗ್ಗಿಯ ದಿನಗಳಲ್ಲಿ ಇಂಥ ಮಾತಿಗೆ ಎದುರು ಹೇಳುವಷ್ಟು ಪುರುಸೊತ್ತು ಅಲ್ಲಿ ಯಾರಿಗೂ ಇರುವುದಿಲ್ಲ.

ಅವರ ಕೆಲಸ ಇಷ್ಟೇ: ಒಳಗೆ ಬರುವ ಪ್ರತಿ ಚೀಲದ ಮೇಲೆ ಒಡೆಯನ ಹೆಸರು, ಊರು ಬರೆಸುವುದು, ಪಾಸು ಕೊಡುವುದು. ಹೆಸರಿಲ್ಲದ ಚೀಲ ಕಂಡರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಈ ಅಭ್ಯಾಸ ಮನೆಗೂ ಬಂದು, ತಂಬಿಗೆಯ ತಳ, ಕೊಡೆಯ ಹಿಡಿಕೆ, ಕೊನೆಗೆ ಗೋಡೆ ಗಡಿಯಾರದ ಬೆನ್ನಿಗೂ ಅವರ ಹೆಸರು ಬಿದ್ದಿತ್ತು. ಪಡಸಾಲೆಯಲ್ಲಿ ಕನ್ನಡಿಯ ಚೌಕಟ್ಟಿನೊಳಗೆ ಒಂದು ಹಳದಿ ಕಾಗದ ತೂಗುತ್ತಿತ್ತು. ಉಳುವವನೇ ಒಡೆಯ ಎಂಬ ಕಾಯಿದೆ ಬಂದಾಗ ಅವರ ತಂದೆಗೆ ಕರ್ಜಗಿಯ ನಾಲ್ಕು ಎಕರೆ ದಕ್ಕಿದ ಆದೇಶ ಅದು. ಚಹಾ ಕುಡಿಯಲು ಬಂದವರು ಅದರ ಕಥೆ ಕೇಳದೆ ಎದ್ದುಹೋಗುವಂತಿರಲಿಲ್ಲ. ಧಣಿ ಬೀಳು ಬಿಟ್ಟ ಹೊಲವನ್ನು ಅಪ್ಪ ಹೇಗೆ ಉತ್ತ, ಕಚೇರಿಯಲ್ಲಿ ಎದೆ ಸೆಟೆಸಿ ಹೇಗೆ ಮಾತಾಡಿದ ಎಂದು ಹೇಳುವಾಗ ಮಾಲತೇಶಪ್ಪನವರ ಎದೆಯೂ ಎರಡು ಅಂಗುಲ ಉಬ್ಬುತ್ತಿತ್ತು.

ಆದರೆ ಅದು ಅಪ್ಪನ ಗಳಿಕೆ. ಮಾಲತೇಶಪ್ಪನವರ ಸ್ವಂತ ಗಳಿಕೆ ಎಂದರೆ ಉಚ್ಚಂಗೆವ್ವ.

ಉಚ್ಚಂಗೆವ್ವ ಒಬ್ಬ ಮುದುಕಿ. ಕೈಯಲ್ಲಿ ಸದಾ ಒಂದು ಚೀಲ, ಬಾಯಲ್ಲಿ ಸದಾ ಒಂದು ಜಗಳ. ರಾಣೇಬೆನ್ನೂರಿನ ಯೂಸುಫಸಾಬರು ನಡೆಸುತ್ತಿದ್ದ ‘ಘಾಟು’ ಎಂಬ ವಾರಪತ್ರಿಕೆಯಲ್ಲಿ ಒಂಬತ್ತು ವರ್ಷ, ಪ್ರತಿ ಮಂಗಳವಾರ, ಮೂರನೆಯ ಪುಟದಲ್ಲಿ ಆಕೆ ಸಂತೆಯಲ್ಲಿ, ಬಸ್ಸಿನಲ್ಲಿ, ಮದುವೆಯ ಪಂಕ್ತಿಯಲ್ಲಿ ಯಾರನ್ನಾದರೂ ಹಿಡಿದು ಝಾಡಿಸುತ್ತಿದ್ದಳು. ಬಡಿಸುವವರ ಕೈ ಗಿಡ್ಡ ಎಂದು ತನ್ನ ಸೌಟು ತಾನೇ ಚೀಲದಲ್ಲಿ ಒಯ್ಯುತ್ತಿದ್ದಳು. ಕಥೆಯ ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಸಾಲು: ಈ ಪಾತ್ರ ಸಂಪೂರ್ಣ ಕಾಲ್ಪನಿಕ, ಲೇಖಕರ ತಲೆಯಲ್ಲೇ ಹುಟ್ಟಿದ್ದು.

ಇಲ್ಲಿ ಒಂದು ಗುಟ್ಟು ಹೇಳಬೇಕು. ಅಗಡಿಯಲ್ಲಿ ಮಾಲತೇಶಪ್ಪನವರಿಗೆ ಹೊಳಿಯವ್ವ ಎಂಬ ಸೋದರತ್ತೆ ಇದ್ದಳು. ಅಪ್ಪನ ತಂಗಿ. ಆಕೆಯ ಕೈಯಲ್ಲೂ ಚೀಲ, ಚೀಲದಲ್ಲೂ ಸೌಟು. ಆಕೆ ಹಬ್ಬಕ್ಕೆ ಬಂದು ಎರಡು ದಿನ ಇದ್ದು ಹೋದರೆ ಮಾಲತೇಶಪ್ಪನವರಿಗೆ ಎರಡು ತಿಂಗಳ ಕಥೆ ಆಗುತ್ತಿತ್ತು. ಆ ಪತ್ರಿಕೆ ಅಗಡಿಯ ದಾರಿ ಹಿಡಿಯದಂತೆ ಅವರು ಯೂಸುಫಸಾಬರಿಗೆ ಹೇಳಿ ಬಂದೋಬಸ್ತು ಮಾಡಿದ್ದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದು ಎಲ್ಲ ಊರಿನಲ್ಲೂ ಇದೆ. ಬ್ಯಾಡಗಿಯ ಬೆಕ್ಕು ಅದಕ್ಕೆ ರಬ್ಬರ್ ಸ್ಟಾಂಪನ್ನೂ ಮಾಡಿಸಿಕೊಂಡಿತ್ತು. ‘ಮಾಲತೇಶಪ್ಪ, ಉಚ್ಚಂಗೆವ್ವನ ಕರ್ತೃ’ ಎಂಬ ಆ ಸ್ಟಾಂಪು ಅವರ ಅಂಗಿಯ ಜೇಬಿನಲ್ಲಿ ಯಾವಾಗಲೂ ಇರುತ್ತಿತ್ತು.

ಮೂರು ವರ್ಷದ ಹಿಂದೆ ‘ಘಾಟು’ ನಿಂತಿತು. ಕೊನೆಯ ಕಂತಿನಲ್ಲಿ ಉಚ್ಚಂಗೆವ್ವ ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಊರಿನ ಬಸ್ಸಿಗಾಗಿ ಕಾಯುತ್ತ ಕೂತಿದ್ದಳು. ಕೆಳಗೆ ‘ಮುಂದುವರಿಯುವುದು’ ಎಂದಿತ್ತು. ಮುಂದುವರಿಯಲಿಲ್ಲ. ಬೇರೆ ಎಲ್ಲಾದರೂ ಬರೆಯಬಹುದಿತ್ತು, ಆದರೆ ತನ್ನನ್ನು ಯಾರೂ ಓದುವುದಿಲ್ಲ ಎಂಬ ಅನುಮಾನ ಮಾಲತೇಶಪ್ಪನವರಿಗೆ ಮೊದಲಿಂದಲೂ ಇತ್ತು. ಪತ್ರಿಕೆ ನಿಂತಾಗ ಒಬ್ಬರೂ ಯಾಕೆಂದು ಕೇಳದಿದ್ದದ್ದು ಅದನ್ನು ಖಾತ್ರಿ ಮಾಡಿತು. ಪೆನ್ನಿನ ಮುಚ್ಚಳ ಹಾಕಿದರು. ಮನಸ್ಸಿಗೆ ಬಹಳ ನೋವಾಗಿತ್ತು, ಯಾರಿಗೂ ಹೇಳಲಿಲ್ಲ.

ಹೀಗಿರುವಾಗ ಒಂದು ಮಂಗಳವಾರ ಹಮಾಲ ಅಲ್ಲಾವುದ್ದೀನ ಚೀಲದ ರಾಶಿಗೆ ಒರಗಿ ಮೊಬೈಲು ನೋಡುತ್ತ ಹೊಟ್ಟೆ ಹಿಡಿದು ನಗುತ್ತಿದ್ದ. ಸುತ್ತ ಹತ್ತು ಜನ. ಮಾಲತೇಶಪ್ಪನವರು ಏನದು ಎಂದು ಗದರಿದರೆ ಅವನು ಗಟ್ಟಿಯಾಗಿಯೇ ಓದಿದ. ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ಕೂತ ಉಚ್ಚಂಗೆವ್ವ ಕೊನೆಗೂ ಎದ್ದು ಬಸ್ಸು ಹತ್ತಿದ್ದಾಳೆ. ಕಂಡಕ್ಟರ್ ಈಗ ಹೆಂಗಸರಿಗೆ ಪುಕ್ಕಟೆ ಎಂದು ಚೀಟಿ ಹರಿದು ಕೊಡುತ್ತಾನೆ. ಜನ್ಮವಿಡೀ ಟಿಕೇಟಿಗೆ ಚೌಕಾಸಿ ಮಾಡಿದ ಆಕೆಗೆ ದಿಕ್ಕೇ ತೋಚುವುದಿಲ್ಲ. “ಪುಕ್ಕಟೆ ಅಂದ್ರ ಹೆಂಗೋ ತಮ್ಮಾ? ಜಗಳಾಡಾಕ ಒಂದ ರೂಪಾಯಿನರ ಹೇಳು” ಎಂದು ಅವನಿಗೆ ಗಂಟು ಬೀಳುತ್ತಾಳೆ.

ಮಾಲತೇಶಪ್ಪನವರಿಗೆ ಸೀನು ಬರುವುದೂ ನಿಂತಿತು. ಬರೆದವರ ಹೆಸರಿಲ್ಲ. ಮೇಲೆ ‘ಹಲವು ಬಾರಿ ರವಾನಿಸಲಾಗಿದೆ’ ಎಂಬ ಗುರುತು ಮಾತ್ರ. ಆಕೆ ತನ್ನವಳೆಂದೂ, ಒಂಬತ್ತು ವರ್ಷ ತಾನು ಸಾಕಿದ್ದೆಂದೂ ಅವರು ಹಮಾಲರಿಗೆ ತಿಳಿಸಿದರು. ಅಲ್ಲಾವುದ್ದೀನ ಅವರನ್ನು ಮೇಲೆ ಕೆಳಗೆ ನೋಡಿ, ನಂಬದೆ, ಮರ್ಯಾದೆಗೆ ಹೌದೇನ್ರಿ ಎಂದ. ಆಮೇಲೆ ಸಮಾಧಾನ ಹೇಳುವವನಂತೆ ಒಂದು ಮಾತು ಸೇರಿಸಿದ.

“ಹಳೇವು ನಾನೂ ಎರಡ ಮೂರು ಓದೇನ್ರಿ. ಚುರುಮುರಿ ಗಿರಮಿಟ್ ಕಟ್ಟಿದ ಕಾಗದದಾಗ. ಅವೂ ಅಡ್ಡಿ ಇದ್ದಿದ್ದಿಲ್ಲ. ಆದ್ರ ಈಗ ಬರಿಯಾಕತ್ತಾರಲ್ಲ, ಇವ್ರಿಗೆ ಆಕಿ ಖರೇ ಗೊತ್ತದಾಳ ನೋಡ್ರಿ.”

ಆ ದಿನ ಮೂರು ಲಾರಿಯ ಚೀಲಗಳಿಗೆ ತಪ್ಪು ಪಾಸು ಹೋಯಿತು.

ಮನೆಗೆ ಬಂದು ಹೆಂಡತಿ ಪುಷ್ಪಾವತಿಗೆ ಹೇಳಿದರೆ ಆಕೆಯ ಮೊಬೈಲಿನಲ್ಲೂ ಅದೇ ಕಥೆ. ಓಣಿಯ ಹೆಂಗಸರ ಗುಂಪಿಗೆ ನಾಲ್ಕು ವಾರದಿಂದ ಬರುತ್ತಿದೆಯಂತೆ. ಹೇಳಿದರೆ ನಿಮಗೆ ಬೇಸರವಾದೀತು ಎಂದು ಹೇಳಲಿಲ್ಲವಂತೆ. ಇದು ಹಾಡುಹಗಲ ಕಳವು ಎಂದು ಮಾಲತೇಶಪ್ಪನವರು ಕೂಗಾಡಿದರು. ನಾಳೆ ಅವರು ಆಕೆಗೆ ಮದುವೆಯನ್ನೂ ಮಾಡಿಸಿಯಾರು, ಕೊಂದೂ ಹಾಕಿಯಾರು, ನನ್ನ ಕೈಯಲ್ಲಿ ಏನುಳಿಯಿತು ಎಂದರು. ಪುಷ್ಪಾವತಿ ಸೊಪ್ಪು ಸೋಸುತ್ತ ಕೂತಲ್ಲಿಂದ ತಲೆ ಎತ್ತಲಿಲ್ಲ.

“ಯಾರರ ಬರೀಲಿ, ಆಕಿನ್ನ ಮನಿಗೆ ಕಳಸಾಕತ್ತಾರ. ಮೂರು ವರ್ಷ ಕುಂತ ಕುಂತ ಬೆನ್ನ ನೊಂದಿರಬೇಕು. ಅವರಿಗೆ ಪುಣ್ಯಾ ಬರಲಿ.”

ಮರುದಿನ ಮಾಲತೇಶಪ್ಪನವರು ರಜೆ ಹಾಕಿ ರಾಣೇಬೆನ್ನೂರಿಗೆ ಹೋದರು. ಯೂಸುಫಸಾಬರ ಪ್ರೆಸ್ಸು ಈಗ ಲಗ್ನಪತ್ರಿಕೆಗೂ ಬ್ಯಾನರಿಗೂ ಮೀಸಲಾಗಿತ್ತು. ‘ಘಾಟು’ ಪತ್ರಿಕೆಯ ಹಳೆಯ ಪ್ರತಿಗಳನ್ನು ಸಾಕ್ಷಿಗೆ ಕೊಡಿ ಎಂದರೆ ಅವರು ಬಹಳ ಹೊತ್ತು ಗಡ್ಡ ಕೆರೆದುಕೊಂಡು, ಅವನ್ನೆಲ್ಲ ಹಾವೇರಿ ಬಸ್‌ಸ್ಟ್ಯಾಂಡಿನ ಗಿರಮಿಟ್ ಗಾಡಿಯವರು ಒಯ್ದರು ಎಂದು ಒಪ್ಪಿಕೊಂಡರು. ಹಾಗಾಗಿ ಪತ್ರಿಕೆಗೆ ಸಾಯುವ ಕಾಲದಲ್ಲೇ ಹೆಚ್ಚು ಓದುಗರು ಸಿಕ್ಕರು ಎಂಬುದೂ ಅವರ ಅಭಿಪ್ರಾಯವಾಗಿತ್ತು. ಆದರೂ ಹಳೆಯ ಲೇಖಕನ ಮುಖ ನೋಡಿ ಅವರಿಗೆ ಕನಿಕರ ಬಂತು. ಪೊಲೀಸರಿಗೆ ದೂರು ಕೊಡಿರಿ, ಅವರು ಮೊಬೈಲಿನ ಜಾಡು ಹಿಡಿದು ಒಂದೇ ದಿನದಲ್ಲಿ ಕಳ್ಳನನ್ನು ತರುತ್ತಾರೆ ಎಂದು ಧೈರ್ಯ ಕೊಟ್ಟರು. ಬಾಗಿಲ ತನಕ ಬಂದು ಇನ್ನೊಂದು ಎಚ್ಚರಿಕೆಯನ್ನೂ ಹೇಳಿದರು. ಮುಂದಿನ ಫಜೀತಿಗೆಲ್ಲ ಆ ಎಚ್ಚರಿಕೆಯೇ ಮೂಲ.

“ಕಥಿ, ಪಾತ್ರ ಅಂತ ಬಾಯಿ ಬಿಡಬ್ಯಾಡ್ರಿ ಮತ್ತ. ನಕ್ಕ ಕಳಸತಾರ. ಖರೇ ಮನಷ್ಯಾರು ಹೋದಂಗ ಬರೀರಿ.”

ಯಾವ ಠಾಣೆಗೆ ಹೋದರು ಎಂಬುದು ಇಲ್ಲಿ ಬೇಡ. ಅವರದೇನೂ ತಪ್ಪಿಲ್ಲ. ಮೇಜಿನ ಹಿಂದೆ ಹವಾಲ್ದಾರ ಕಿರಣಕುಮಾರ ಕೂತಿದ್ದ. ರೈತರ ಮನೆಯ ಹುಡುಗ, ಹಿರಿಯರ ಬಗ್ಗೆ ಗೌರವವಿದ್ದವನು. ಮಾಲತೇಶಪ್ಪನವರು ರಾತ್ರಿಯೆಲ್ಲ ತಿದ್ದಿ ತೀಡಿ ಬರೆದ ಅರ್ಜಿ ಕೊಟ್ಟರು. ನನಗೆ ಸೇರಿದ ಉಚ್ಚಂಗೆವ್ವ ಎಂಬ ಅರವತ್ತೆಂಟು ವರ್ಷದ ಮುದುಕಿಯನ್ನು ಯಾರೋ ಅಪರಿಚಿತರು ನನ್ನ ಅಪ್ಪಣೆ ಇಲ್ಲದೆ ಹಾವೇರಿ ಬಸ್‌ಸ್ಟ್ಯಾಂಡಿನಿಂದ ಬಸ್ಸು ಹತ್ತಿಸಿ ಒಯ್ದಿದ್ದಾರೆ ಎಂದಿತ್ತು ಅದರಲ್ಲಿ. ಕಿರಣಕುಮಾರನ ಮುಖ ಗಂಭೀರವಾಯಿತು. ಅಲ್ಲಿ ಕೊನೆಗೆ ಕಂಡದ್ದು ಯಾವಾಗ ಎಂದು ಕೇಳಿದ.

“ಮೂರು ವರ್ಷ ಆತ್ರಿ.”

ಹವಾಲ್ದಾರನ ಪೆನ್ನು ನಿಂತಿತು. “ಮತ್ತ ಮೂರು ವರ್ಷ ನೀವೇನ್ ಮಾಡಿದ್ರಿ?”

“ಅಲ್ಲೇ ಕುಂತಿರತಾಳ ಅಂತ ತಿಳಕೊಂಡಿದ್ದೆರಿ.”

ಕಿರಣಕುಮಾರ ಒಂದು ಲೋಟ ನೀರು ಕುಡಿದ. ಆಕೆ ನಿಮಗೇನಾಗಬೇಕು ಎಂದು ಕೇಳಿದ. ಪಾತ್ರ ಎನ್ನಬೇಕೆಂದು ಬಾಯಿ ತೆರೆದ ಮಾಲತೇಶಪ್ಪನವರಿಗೆ ಯೂಸುಫಸಾಬರ ಎಚ್ಚರಿಕೆ ನೆನಪಾಯಿತು. ಗಾಬರಿಯಲ್ಲಿ ಬಾಯಿಗೆ ಬಂದದ್ದನ್ನು ಅಂದರು: ಸೋದರತ್ತೆ ಎಂದು ಬರೆದುಕೊಳ್ಳಿ. ಒಂಬತ್ತು ವರ್ಷ ಒಳಗೆ ಕೂಡಿಹಾಕಿದ ಸತ್ಯ ಹೀಗೆ ಸುಳ್ಳಿನ ವೇಷದಲ್ಲಿ ಹೊರಗೆ ಬಂತು.

ಫೋಟೋ ಇಲ್ಲ ಎಂದಾಗ ಗುರುತು ಹೇಳಿ ಎಂದ. ಅಲ್ಲಿಂದ ಮಾಲತೇಶಪ್ಪನವರನ್ನು ಹಿಡಿಯುವವರಿಲ್ಲ. ಹಸಿರು ಇಳಕಲ್ ಸೀರೆ, ಕೆಂಪು ದಡಿ. ಎಡಗೆನ್ನೆಯ ಮೇಲೆ ಮಚ್ಚೆ, ಮುಂದಿನ ಹಲ್ಲುಗಳ ನಡುವೆ ಸಂದಿ. ನೀಲಿ ಹಳದಿ ಪಟ್ಟಿಯ ಚೀಲ, ಅದರ ಹಿಡಿಕೆಗೆ ಸುತ್ತಿದ ಕೆಂಪು ಅರಿವೆ, ಒಳಗೆ ಎಲೆ ಅಡಿಕೆ ಸಂಚಿ ಮತ್ತು ಹಿತ್ತಾಳೆ ಸೌಟು. ಏನು ಕೇಳಿದರೂ ಮೊದಲು ಇಲ್ಲ ಅನ್ನುವ ಸ್ವಭಾವ. ಕಿರಣಕುಮಾರ ಬರೆಯುವುದನ್ನು ಬಿಟ್ಟು ಕೇಳುತ್ತ ಕೂತ. ಪಕ್ಕದ ಮೇಜಿನವರೂ ಕುರ್ಚಿ ಎಳೆದುಕೊಂಡು ಬಂದರು. ಹೆತ್ತ ತಾಯಿಯ ಬಗ್ಗೆ ಸಹ ಯಾರೂ ಇಷ್ಟು ಚೆಂದ ಹೇಳಿದ್ದನ್ನು ನಾನು ಕೇಳಿಲ್ಲ ಎಂದು ಕಿರಣಕುಮಾರ ಕಣ್ಣೊರೆಸಿಕೊಂಡ. ಮಾಲತೇಶಪ್ಪನವರಿಗೆ ಜೀವಮಾನದಲ್ಲಿ ಎದುರೆದುರೇ ಸಿಕ್ಕ ಮೊದಲ ವಿಮರ್ಶೆ ಅದು. ಖುಷಿಯಲ್ಲಿ, ನಡೆಯುವಾಗ ಬಲಗಾಲು ಸ್ವಲ್ಪ ಎಳೆಯುತ್ತಾಳೆ ಎಂಬುದನ್ನೂ ಸೇರಿಸಿಕೊಟ್ಟು ಬಂದರು.

ಸಂಜೆಯೊಳಗೆ ‘ಕಾಣೆಯಾಗಿದ್ದಾರೆ’ ಎಂಬ ಪ್ರಕಟಣೆ ಜಿಲ್ಲೆಯ ಎಲ್ಲ ಮೊಬೈಲಿಗೂ ಮುಟ್ಟಿತು. ಉಚ್ಚಂಗೆವ್ವನ ಯಾವ ಕಥೆಯೂ ಅಷ್ಟು ಜನರನ್ನು ಮುಟ್ಟಿರಲಿಲ್ಲ. ಕೆಳಗೆ ಮಾಲತೇಶಪ್ಪನವರ ಹೆಸರು, ನಂಬರು.

ಇರಲಾರದೆ ಇರುವೆ ಬಿಟ್ಟುಕೊಂಡರೆ ಏನಾಗುತ್ತದೆ ಎಂಬುದು ಮರುದಿನ ಗೊತ್ತಾಯಿತು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಪುಷ್ಪಾವತಿಯ ಕೈ ಹಿಡಿದು ಕೂತರು. ಗಂಡಸರು ಮಾಲತೇಶಪ್ಪನವರನ್ನು ಕಂಡು ಮುಖ ತಿರುಗಿಸಿದರು. ಮುದುಕಿಯನ್ನು ಬಸ್‌ಸ್ಟ್ಯಾಂಡಿನಲ್ಲಿ ಕೂರಿಸಿ ಮೂರು ವರ್ಷ ಮರೆತ ಮನುಷ್ಯ ಎಂದು ಚಹಾದಂಗಡಿಯಲ್ಲಿ ತೀರ್ಮಾನವಾಗಿತ್ತು. ಅಲ್ಲಾವುದ್ದೀನ ಚೀಲ ಹೊರುವಾಗ ನಿಂತು, ನಮ್ಮ ಮನೆಯಲ್ಲಿ ಮೇಕೆ ಕಳೆದರೂ ಸಂಜೆಯೊಳಗೆ ಹುಡುಕುತ್ತೇವೆ ಎಂದು ಗಾಳಿಗೆ ಹೇಳಿ ಮುಂದೆ ಹೋದ. ಆಕೆ ಬರೀ ಕಥೆಯವಳು ಎಂದು ಬಾಯಿ ಬಿಟ್ಟರೆ ಸುಳ್ಳು ದೂರಿನ ಭಯ. ಬಿಡದಿದ್ದರೆ ಊರ ಬಾಯಿ. ಅದಕ್ಕೆ ಮುಚ್ಚಳ ಮಾಡಿದವರು ಇನ್ನೂ ಹುಟ್ಟಿಲ್ಲ.

ನೆಂಟರದು ಬೇರೆಯೇ ಗೋಳು. ಅಪ್ಪನಿಗೆ ಇದ್ದ ತಂಗಿ ಹೊಳಿಯವ್ವ ಒಬ್ಬಳೇ. ಹಾಗಾದರೆ ಈ ಉಚ್ಚಂಗೆವ್ವ ಎಲ್ಲಿಂದ ಬಂದಳು? ದೇವರಗುಡ್ಡದಿಂದ ಅಕ್ಕ ಗುಡ್ಡವ್ವ ಫೋನು ಮಾಡಿ, ಸತ್ತು ನಲವತ್ತು ವರ್ಷವಾದ ಅಜ್ಜನಿಗೆ ಗುಟ್ಟಿನಲ್ಲೊಂದು ಸಂಸಾರ ಇತ್ತೇನೋ ಎಂದು ಅಳುತ್ತ ವಿಚಾರಿಸಿದಳು. ಸಂಜೆಯ ಹೊತ್ತಿಗೆ ನೆಂಟರು ಎರಡು ಪಂಗಡವಾಗಿದ್ದರು. ಅಜ್ಜ ಅಂಥವನಲ್ಲ ಎನ್ನುವವರು ಕಡಿಮೆ ಇದ್ದರು. ಅಗಡಿಗೆ ಒಂದು ಫೋನು ಹಚ್ಚಿ ಎಂದು ಪುಷ್ಪಾವತಿ ಮೂರು ಸಲ ಹೇಳಿದಳು. ಅತ್ತೆಗೆ ಮಾತ್ರ ಈ ಸುದ್ದಿ ತಿಳಿಯಕೂಡದು ಎಂದು ಮಾಲತೇಶಪ್ಪನವರು ಕೈ ಮುಗಿದರು.

ಇಷ್ಟೆಲ್ಲದರ ನಡುವೆಯೂ ಮೊಬೈಲಿನಲ್ಲಿ ಹೊಸ ಕಂತು ಬಂತು. ಬಸ್ಸಿಳಿದ ಉಚ್ಚಂಗೆವ್ವ ಮನೆ ಮುಟ್ಟಿದ್ದಾಳೆ, ಬಾಗಿಲಿಗೆ ಒಂದು ಕೀಲಿ ಜಡಿದಿದೆ, ಆ ಕೀಲಿ ಅವಳದಲ್ಲ. ಅಲ್ಲಿಗೆ ನಿಂತಿತ್ತು. ಮಾಲತೇಶಪ್ಪನವರು ಕಳ್ಳನನ್ನು ಬೈಯುತ್ತಲೇ ಅದನ್ನು ನಾಲ್ಕು ಸಲ ಓದಿದರು. ಕೀಲಿ ಯಾರು ಹಾಕಿರಬಹುದು ಎಂದು ಯೋಚಿಸುವಷ್ಟರಲ್ಲಿ ಚಹಾ ಆರಿಹೋಯಿತು.

ಮೂರನೆಯ ದಿನ ಕಿರಣಕುಮಾರನ ಫೋನು ಬಂತು. ನಿಮ್ಮ ಉಚ್ಚಂಗೆವ್ವ ಸಿಕ್ಕಿದ್ದಾರೆ, ಲಗೂನ ಹಾವೇರಿ ಬಸ್‌ಸ್ಟ್ಯಾಂಡಿನ ಪೊಲೀಸ್ ಚೌಕಿಗೆ ಬರ್ರಿ ಎಂದ.

ಮಾಲತೇಶಪ್ಪನವರು ಪುಷ್ಪಾವತಿಯನ್ನು ಕರೆದುಕೊಂಡು ಹೊರಟರು. ಕಾಗದದ ಮೇಲಿನ ಮುದುಕಿ ಸಿಗುವುದೆಂದರೇನು? ಬ್ಯಾಡಗಿಯಿಂದ ಹಾವೇರಿಯವರೆಗೆ ಬಸ್ಸಿನಲ್ಲಿ ಅವರ ತಲೆಯಲ್ಲಿ ಒಂದೇ ವಿಚಾರ: ದೊಡ್ಡ ದೊಡ್ಡ ಲೇಖಕರ ಪಾತ್ರಗಳಿಗೆ ಜೀವ ಬರುತ್ತದೆ ಎಂದು ಕೇಳಿದ್ದೆ, ನನ್ನದಕ್ಕೂ ಬಂತೇ? ಹೆದರಿಕೆಯ ಜೊತೆಗೆ ಸಣ್ಣದೊಂದು ಹೆಮ್ಮೆಯೂ ಮೊಳೆಯಿತು. ಪಕ್ಕದಲ್ಲಿ ಪುಷ್ಪಾವತಿ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಅಳುತ್ತಿದ್ದಾಳೆ ಎಂದುಕೊಂಡರು.

ಚೌಕಿಯ ಬೆಂಚಿನ ಮೇಲೆ ಹಸಿರು ಇಳಕಲ್ ಸೀರೆಯಲ್ಲಿ, ಚೀಲ ತೊಡೆಯ ಮೇಲಿಟ್ಟುಕೊಂಡು, ಬಶಿಯಲ್ಲಿ ಚಹಾ ಊದುತ್ತ ಕೂತಿದ್ದವಳು ಅಗಡಿಯ ಹೊಳಿಯವ್ವ.

ಕನ್ನಡಕ ಮಾಡಿಸಲು ಹಾವೇರಿಗೆ ಬಂದಿದ್ದಳಂತೆ. ಮೊದಲು, ಪ್ರಕಟಣೆ ಓದಿದ್ದ ಕಾಲೇಜಿನ ಹುಡುಗಿಯರಿಗೆ ಅನುಮಾನ ಬಂತು. ಸೀರೆ ತಾಳೆಯಾಯಿತು, ಮಚ್ಚೆ ತಾಳೆಯಾಯಿತು. ನೀವು ಉಚ್ಚಂಗೆವ್ವನೇ ಎಂದು ಪೊಲೀಸರು ಕೇಳಿದರೆ ಇಲ್ಲ ಎಂದಳು, ಏನು ಕೇಳಿದರೂ ಮೊದಲು ಇಲ್ಲ ಅನ್ನುವ ಸ್ವಭಾವ ಎಂಬ ಗುರುತೂ ತಾಳೆಯಾಯಿತು. ಕಿರಣಕುಮಾರ ಗೆಲುವಿನಿಂದ ಎದ್ದು ನಿಂತು, “ಸೌಟು ಸೈತ ಐತ್ರಿ” ಎಂದ.

ಅತ್ತೆ ಬಶಿ ಕೆಳಗಿಟ್ಟಳು. ಅಳಿಯನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು.

“ಯಾಕಲೇ ಮಾಲತೇಶಾ, ನಾ ಕಳದೇನಂತ ಬರದ ಕೊಟ್ಟಿಯಂತ? ಬಲಗಾಲು ಎಳೀತೇನಂತ? ಯಾವಾಗ ಎಳದೆ?”

ಮಾಲತೇಶಪ್ಪನವರು ಬಾಯಿ ತೆರೆಯುವ ಮೊದಲೇ ಕಿರಣಕುಮಾರ ಕಾಗದ ಮುಂದಿಟ್ಟ. ಕಾಣೆಯಾಗಿದ್ದ ಉಚ್ಚಂಗೆವ್ವ ಎಂಬವರು ಇವರೇ ಎಂದು ಗುರುತಿಸಿ ಸುರಕ್ಷಿತವಾಗಿ ಪಡೆದುಕೊಂಡಿದ್ದೇನೆ ಎಂದು ಅದರಲ್ಲಿತ್ತು. ಕೆಳಗೆ ಸಹಿ ಹಾಕಬೇಕು. ಅತ್ತ ದರಿ, ಇತ್ತ ಪುಲಿ. ಈಕೆ ಅವಳಲ್ಲ ಎಂದರೆ ದೂರು ಸುಳ್ಳು, ಕೂಡಲೇ ಒಳಗೆ ಕೂರಿಸುತ್ತಾರೆ. ಈಕೆಯೇ ಅವಳು ಎಂದರೆ ಒಂಬತ್ತು ವರ್ಷ ದಪ್ಪ ಅಕ್ಷರದಲ್ಲಿ ಅಚ್ಚಾದ ಸಾಲು ಸುಳ್ಳು, ಜೇಬಿನ ಸ್ಟಾಂಪು ಸುಳ್ಳು, ಅವರು ಯಾರ ಕರ್ತೃವೂ ಅಲ್ಲ. ಮಾಲತೇಶಪ್ಪನವರಿಗೆ ಲೋಕದಲ್ಲಿ ತನ್ನದೆಂದು ಇದ್ದದ್ದು ಅದೊಂದೇ. ಪೆನ್ನು ಮೇಜಿನ ಮೇಲಿಟ್ಟರು. ಅತ್ತೆಯ ಕಿವಿಯ ಹತ್ತಿರ ಬಗ್ಗಿ, ಉಚ್ಚಂಗೆವ್ವ ಬೇರೆ, ನೀನು ಬೇರೆ, ಅವಳು ನನ್ನ ತಲೆಯಲ್ಲಿ ಹುಟ್ಟಿದವಳು ಎಂದು ಪಿಸುಗುಟ್ಟಿದರು.

ಹೊಳಿಯವ್ವ ಚೀಲಕ್ಕೆ ಕೈ ಹಾಕಿ ಹಿತ್ತಾಳೆ ಸೌಟು ತೆಗೆದು ಮೇಜಿನ ಮೇಲೆ ಇಟ್ಟಳು. “ಹಂಗಾರ ಇದು ಯಾರದು?”

ಅಷ್ಟರಲ್ಲಿ ಅವಳ ಸೊಸೆ ಸುಶ್ಮಿತಾ ಓಡಿಬಂದಳು. ಪಂಚಾಯ್ತಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೆ‍ಲಸ ಅವಳದು. ಸುದ್ದಿ ಕೇಳಿ ಹಾಗೇ ಬಸ್ಸು ಹತ್ತಿದ್ದಳು. ಅತ್ತೆ ಕ್ಷೇಮ ಎಂದು ಕಂಡು ಉಸಿರು ಬಿಟ್ಟವಳೇ ಮಾಲತೇಶಪ್ಪನವರ ಕಡೆ ತಿರುಗಿ ಕೈ ಮುಗಿದಳು.

“ಅಣ್ಣಾರ, ತಪ್ಪ ತಿಳೀಬ್ಯಾಡ್ರಿ. ಅತ್ತಿಯಾರು ಹೇಳತಾರ, ನಾ ಟೈಪ್ ಮಾಡತೇನಿ. ನಮ್ಮ ಓಣಿ ನಾಕು ಮಂದಿಗೆ ಅಂತ ಹಾಕಿದ್ವಿ. ಹಿಂಗ ಊರೆಲ್ಲ ತಿರಗತೈತಿ ಅಂತ ಯಾರಿಗ್ಗೊತ್ತಿತ್ತು.”

ಪುಷ್ಪಾವತಿ ಸೆರಗು ತೆಗೆದು ನಿರಾಳವಾಗಿ ನಕ್ಕಳು. ಟಿಕೇಟಿನ ಜಗಳ ಓದಿದ ದಿನವೇ ಅವಳಿಗೆ ಗೊತ್ತಾಗಿತ್ತು. ಅತ್ತೆಯ ನಾಲಿಗೆಯನ್ನು ಸೊಸೆಯಂದಿರು ಮರೆಯುವುದಿಲ್ಲ.

ಮಾಲತೇಶಪ್ಪನವರು ಬೆಂಚಿನ ತುದಿಗೆ ಕೂತರು. ಅವರು ಅಗಡಿಯ ದಾರಿಗೆ ಹಾಕಿದ ಬಂದೋಬಸ್ತು ಗಿರಮಿಟ್ ಗಾಡಿಯವರಿಗೆ ಗೊತ್ತಿರಲಿಲ್ಲ. ಮಾರಾಟವಾಗದ ಪ್ರತಿಗಳು ಮೊದಲಿಂದಲೂ ಅವರ ಕೈಗೇ ಹೋಗುತ್ತಿದ್ದವು. ಸುಶ್ಮಿತಾ ಹಾವೇರಿಗೆ ಬಂದಾಗಲೆಲ್ಲ ಕಟ್ಟಿಸಿಕೊಂಡು ಹೋದ ಪ್ರತಿ ಪೊಟ್ಟಣದ ಕಾಗದವನ್ನೂ ಅತ್ತೆಯ ಮುಂದೆ ಓದುತ್ತಿದ್ದಳು. ಹೊಳಿಯವ್ವನಿಗೆ ವರ್ಷಗಳಿಂದ ಎಲ್ಲವೂ ಗೊತ್ತು.

“ನನ್ನ ಕೇಳಿ ಬರದಿಯೇನು ನೀ?” ಎಂದಳು ಆಕೆ. “ಇಲ್ಲ. ನಾ ಏನರ ಅಂದೆನು? ಅನಲಿಲ್ಲ. ನನ್ನ ಮಾತು ಅಚ್ಚಾಗಾಕತ್ತೈತಿ ಅಂತ ಒಳಗೊಳಗ ಹಿಗ್ಗೇ ಇತ್ತು. ಬರದದ್ದಕ್ಕ ಸಿಟ್ಟಿಲ್ಲ ನನಗ. ಬಿಟ್ಟಿ ನೋಡು, ಅದಕ್ಕ ಸಿಟ್ಟು. ಮೂರು ವರ್ಷ ಬಿಸಲಾಗ ಕುಂಡರಿಸಿ ಒಂದ ಕಪ್ಪು ಚಾ ಸೈತ ಕುಡಸಲಿಲ್ಲ ನೀ. ಪ್ರತಿ ಮಂಗಳವಾರ ಈಕಿನ್ನ ಕೇಳತಿದ್ದೆ, ನಾ ಮನಿಗೆ ಹೋದೆನೇನವಾ ಅಂತ. ಕಡೀಗೆ ನಾನ ಎದ್ದು ಬಸ್ ಹತ್ತಿದೆ.”

ಆದರೂ ಬರೆಯಲು ಶುರು ಮಾಡಿದವನು ನಾನಲ್ಲವೇ ಎಂದು ಮಾಲತೇಶಪ್ಪನವರು ಕೊನೆಯ ಪಟ್ಟು ಹಾಕಿದರು. ದನಿಯಲ್ಲಿ ಜೀವ ಇರಲಿಲ್ಲ.

“ಕರ್ಜಗಿ ಹೊಲ ನಮ್ಮಣ್ಣಗ ಹೆಂಗ ಬಂತು, ಹವಾಲ್ದಾರಗ ಹೇಳು. ಗ್ವಾಡಿಗೆ ಕಟ್ ಹಾಕಿ ತೂಗಹಾಕೀಯಲ್ಲ. ಹೊಲಾ ಧಣೀದ ಇತ್ತು. ಅಂವ ಬೀಳ ಬಿಟ್ಟಾ, ನಮ್ಮಣ್ಣ ಉತ್ತಾ. ಸರ್ಕಾರ ಏನಂತು?”

ಉಳುವವನೇ ಒಡೆಯ ಎಂದು ಕಿರಣಕುಮಾರ ತಾನೇ ಉತ್ತರ ಕೊಟ್ಟ. ಅವನ ಮನೆಯ ಗೋಡೆಯ ಮೇಲೂ ಅಂಥದೊಂದು ಕಾಗದ ಇತ್ತು.

ಮಾಲತೇಶಪ್ಪನವರಿಗೆ ಬಹಳ ನಾಚಿಕೆಯಾಯಿತು. ವಿಚಿತ್ರವೆಂದರೆ ನಾಚಿಕೆಗಿಂತ ದೊಡ್ಡದಾಗಿ ಸಂತೋಷವೇ ಆಯಿತು. ಯಾರೂ ಓದುವುದಿಲ್ಲ ಎಂದು ಪೆನ್ನು ಮುಚ್ಚಿ ಕೂತ ಅಷ್ಟೂ ಮಂಗಳವಾರ ಅಗಡಿಯಲ್ಲಿ ಇಬ್ಬರು ಹೆಂಗಸರು ಮುಂದಿನ ಕಂತಿಗಾಗಿ ಕಾದಿದ್ದರು. ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿ ಸ್ಟಾಂಪು ತೆಗೆದರು, ಅದನ್ನು ಒಂದು ಗಳಿಗೆ ನೋಡಿದರು, ಮತ್ತೆ ಜೇಬಿಗೇ ಹಾಕಿದರು. ಈಕೆಯೇ ಉಚ್ಚಂಗೆವ್ವ ಎಂದು ಬರೆದ ಜಾಗದಲ್ಲಿ ಬರೀ ಸಹಿ ಹಾಕಿದರು. ಕಿರಣಕುಮಾರ ದಾಖಲೆ ಚೊಕ್ಕಟವಾಗಿರಲೆಂದು ಮೇಲೆ ‘ಹೊಳಿಯವ್ವ ಉರ್ಫ್ ಉಚ್ಚಂಗೆವ್ವ’ ಎಂದು ತಿದ್ದಿದ. ಹೊಳಿಯವ್ವ ಕಾಗದ ಕಸಿದುಕೊಂಡು, ಇವನು ನನ್ನನ್ನು ಪಡೆದುಕೊಂಡದ್ದಲ್ಲ, ನಾನೇ ಇವನನ್ನು ಒಯ್ಯುತ್ತಿದ್ದೇನೆ, ಹಾಗೆ ಬರೆ ಎಂದಳು. ಅದಕ್ಕೆ ನಮೂನೆ ಇಲ್ಲವೆಂದು ಅವನು ಕೈ ಮುಗಿದ.

ನಾಲ್ಕೂ ಜನ ಅಗಡಿಯ ಬಸ್ಸು ಹತ್ತಿದರು. ಹೊಳಿಯವ್ವ ಕಿಟಕಿಯ ಪಕ್ಕ ಕೂತಳು, ಮಾಲತೇಶಪ್ಪನವರು ಅವಳ ಬದಿಗೆ. ಬಸ್ಸು ಊರು ದಾಟುವವರೆಗೆ ಅವರು ತಡೆದುಕೊಂಡರು. ಆಮೇಲೆ ಆಗಲಿಲ್ಲ.

“ಅತ್ತಿ, ಆ ಕೀಲಿ ಯಾರು ಹಾಕಿದ್ದು?”

“ನನಗೇನ ಗೊತ್ತು” ಎಂದಳು ಹೊಳಿಯವ್ವ. “ಎರಡ ದಿನಾ ಆತು ಬಾಗಲದಾಗ ನಿಂತು. ಮುಂದ ತಿಳೀವಲ್ದು. ನೀ ಕಲತಾಂವ, ನೀ ಹೇಳು ನೋಡೂನು.”

ಮೂರು ವರ್ಷದಿಂದ ಖಾಲಿ ಇದ್ದ ತಲೆಯೊಳಗೆ ಏನೋ ಅಲ್ಲಾಡಿತು. ಮಾಲತೇಶಪ್ಪನವರು ಎರಡು ಸಲ ಸೀನಿದರು. “ಹಾಕಿದ್ದು ಯಾರರ ಇರಲಿ. ಕೀಲಿಕೈ ಆಕಿ ಚೀಲದಾಗ ಐತಿ ಅತ್ತಿ. ಸೌಟಿನ ಬುಡಕ. ಆಕಿನ ನೋಡಿಲ್ಲ.”

ಹೊಳಿಯವ್ವ ಚೀಲಕ್ಕೆ ಕೈ ಹಾಕಿ ಸೌಟಿನ ಬುಡ ತಡವಿ ನೋಡಿದಳು. ಹಿಂದಿನ ಸೀಟಿನಲ್ಲಿ ಸುಶ್ಮಿತಾ ಆಗಲೇ ಮೊಬೈಲು ತೆಗೆದಿದ್ದಳು. ಕೊನೆಗೆ ಅತ್ತೆ ತಲೆ ಆಡಿಸಿ, ನಡೀತೈತಿ, ಬರಕೋ ಎಂದು ಸೊಸೆಗೆ ಹೇಳಿದಳು. ಚೀಲ ಎತ್ತಿ ಅಳಿಯನ ತೊಡೆಯ ಮೇಲೆ ಇಟ್ಟಳು.

ಕಂಡಕ್ಟರ್ ಬಂದು ಹೆಂಗಸರು ಮೂವರಿಗೂ ಪುಕ್ಕಟೆ ಚೀಟಿ ಕೊಟ್ಟ. ರೊಕ್ಕ ಕೊಟ್ಟು ಟಿಕೇಟು ತೆಗೆಸಿದವರು ಮಾಲತೇಶಪ್ಪನವರು ಒಬ್ಬರೇ. ಅವರು ಚೌಕಾಸಿ ಮಾಡಲಿಲ್ಲ; ಚೀಲದ ಹಿಡಿಕೆ ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡು, ಮುಂದೇನಾಯಿತು ಎಂದು ಅತ್ತೆಯ ಮುಖವನ್ನೇ ನೋಡುತ್ತಿದ್ದರು.